ಗೊಂಬೆಯ ಮೈಬಣ್ಣ

ಹಿಪ್ಪುನೇರಳೆ ತೋಟದಲ್ಲಿ ಬಿಸಿಲುಂಡ ರೈತನ ಪುಟ್ಟ ಮಣ್ಣಿನ ಗೊಂಬೆಗೂ ನಮ್ಮ ಜಂಗಮಕೋಟೆಯ ಮಕ್ಕಳು ತಿಳಿಗುಲಾಬಿಯನ್ನೇ ಬಳಿಯುವುದುಂಟು. ‘ಮೈಬಣ್ಣ’ವೆಂಬ ಚೀಟಿಯ ಒಂದು ಶೀಷೆಯು ಮಗುವಿಗೆ ತನ್ನ ತಂದೆಯ ಮೈಯೇ ತಪ್ಪೆಂದು ಕಲಿಸಬಾರದು. ಅಮೆರಿಕದ ಕ್ರೆಯೋಲಾ ಬಳಪಗಳಲ್ಲಿ ಅಂತಹ ಹೆಸರು 1962ರಲ್ಲಿಯೇ ‘ಪೀಚ್’ ಎಂದು ಬದಲಾಯಿತು.

ಉಪಾಧ್ಯಾಯರು ಮಕ್ಕಳಿಗೆ ತಮ್ಮ ಮುಂಗೈಯನ್ನೇ ನೋಡಿ ಬಣ್ಣ ಬೆರೆಸಲು ಕಲಿಸಲಿ. ಕಾವಿ, ಮಣ್ಣುಹಳದಿ, ಬಿಳಿ, ತುಸು ನೀಲಿ ಇದ್ದರೆ ಸಾಕು. ಮೊದಲು ಗಾಢ ಲೇಪ. ಅದು ಒಣಗಿದ ಮೇಲೆ ಹಣೆ, ಮೂಗು, ಕೆನ್ನೆಗಳ ಉಬ್ಬಿಗೆ ನೀರು ಬೆರೆಸಿದ ತಿಳಿ ಲೇಪಗಳು. ಅಕ್ರಿಲಿಕ್ ಬಣ್ಣವು ಒಣಗಿದಾಗ ಕೊಂಚ ಗಾಢವಾಗುವುದರಿಂದ ಮೊದಲು ಕಾಗದದ ಮೇಲೆ ಪರೀಕ್ಷಿಸುವುದು ಒಳಿತು.

ದಾನಿಗಳು ವರ್ಣಪೆಟ್ಟಿಗೆ ಕೊಡುವಾಗ ಕಂದುಬಣ್ಣಗಳನ್ನು ಮರೆಯದಿರಲಿ. ತನ್ನವರ ಬಣ್ಣವನ್ನು ತಾನೇ ಬೆರೆಸಿದ ಮಗುವು ಅದನ್ನು ಕೀಳೆಂದು ಕಾಣಲಾರದು.