ಹೆರಿಗೆ ಎಲ್ಲಿ? ಬ್ಯಾನಿ ಬಂದ ಮೇಲಲ್ಲ, ಏಳನೇ ತಿಂಗಳಲ್ಲೇ ತೀರ್ಮಾನವಾಗಲಿ!

ಮಗಳ ಕುಬಸಕ್ಕೆ ಸೀರೆ ಯಾವುದು, ಊಟಕ್ಕೆ ಎಷ್ಟು ಮಂದಿ, ಹೋಳಿಗೆಯೋ ಮಾದಲಿಯೋ ಎಂದು ಮನೆಮಂದಿಯೆಲ್ಲ ಹದಿನೈದು ದಿನ ಕೂತು ಚರ್ಚೆ ಮಾಡುತ್ತಾರೆ. ಹೆರಿಗೆ ಎಲ್ಲಿ ಎಂಬ ಮಾತು ಮಾತ್ರ ಬ್ಯಾನಿ ಶುರುವಾದ ರಾತ್ರಿಯ ತನಕ ಮುಂದೆ ಹೋಗುತ್ತದೆ. ಆಗ ಮನೆಯಲ್ಲಿ ಮೂರು ಬಾಯಿ, ಮೂರು ಮಾತು. "ನಾ ಆರು ಹಡದೇನಿ, ಎಲ್ಲಾ ಮನ್ಯಾಗ ಆಗ್ಯಾವು" ಎನ್ನುತ್ತಾಳೆ ಅಜ್ಜಿ. "ಆರೋಗ್ಯ ಕೇಂದ್ರಕ್ಕ ನಡೀರಿ ಯಕ್ಕಾ" ಎನ್ನುತ್ತಾಳೆ ಆಶಾ ಕಾರ್ಯಕರ್ತೆ. ಬೆಳಗಾವಿಯಲ್ಲಿ ಅಂಗಡಿ ಇಟ್ಟ ಅಳಿಯ ಫೋನಿನಲ್ಲಿ "ದೊಡ್ಡ ದವಾಖಾನಿಗೇ ಕರಕೊಂಡು ಬರ್ರಿ" ಎನ್ನುತ್ತಾನೆ. ಮೂವರೂ ಕೆಟ್ಟದ್ದು ಬಯಸಿದವರಲ್ಲ. ಆದರೆ ಮೂರು ಮಾತು ಒಂದಾಗುವಷ್ಟರಲ್ಲಿ ಒಂದು ತಾಸು ಹೋಗಿರುತ್ತದೆ. ಆ ಒಂದು ತಾಸಿನ ಬೆಲೆ ಎಷ್ಟೆಂಬುದು ಹಡೆಯುವವಳ ಜೀವಕ್ಕೆ ಗೊತ್ತು.

ಮನೆ, ಆರೋಗ್ಯ ಕೇಂದ್ರ, ದೊಡ್ಡ ಆಸ್ಪತ್ರೆ, ಈ ಮೂರರಲ್ಲಿ ಯಾವುದು ಸರಿ ಎಂಬ ಪ್ರಶ್ನೆಗೆ ಜನ ಪ್ರತಿಷ್ಠೆಯಿಂದಲೋ ಕಿಸೆ ನೋಡಿಕೊಂಡೋ ಉತ್ತರ ಹೇಳುತ್ತಾರೆ. ಖಾನಾಪುರ ತಾಲೂಕಿನಲ್ಲಿ ಮಾತ್ರ ಮೊದಲು ನೋಡಬೇಕಾದದ್ದು ರಸ್ತೆ. ಹೆರಿಗೆ ಕೆಟ್ಟರೆ ರಕ್ತ ಮತ್ತು ಶಸ್ತ್ರಕ್ರಿಯೆ ಸಿಗುವ ಜಾಗಕ್ಕೆ ಎಷ್ಟು ಹೊತ್ತಿನಲ್ಲಿ ಮುಟ್ಟಬಹುದು? ಈ ಒಂದೇ ಲೆಕ್ಕದ ಮೇಲೆ ಉಳಿದದ್ದೆಲ್ಲ ನಿಂತಿದೆ.

ಕಾಲ ಬದಲಾಗಿದೆ

ಇಪ್ಪತ್ತು ವರ್ಷದ ಹಿಂದಿನ ಮಾತು ತೆಗೆದುಕೊಳ್ಳಿ. 2005-06ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಹೊತ್ತಿಗೆ ಕರ್ನಾಟಕದಲ್ಲಿ 100ಕ್ಕೆ 65 ಹೆರಿಗೆ ಮಾತ್ರ ಆಸ್ಪತ್ರೆ, ಆರೋಗ್ಯ ಕೇಂದ್ರಗಳಲ್ಲಿ ಆಗುತ್ತಿದ್ದವು. 2019-21ರ ಸಮೀಕ್ಷೆಯಲ್ಲಿ ಆ ಸಂಖ್ಯೆ 97ಕ್ಕೆ ಏರಿತು. ಇದೇ ಅವಧಿಯಲ್ಲಿ ತಾಯಂದಿರ ಸಾವೂ ಇಳಿಯಿತು. ಲಕ್ಷ ಜೀವಂತ ಜನನಗಳಿಗೆ 2004-06ರಲ್ಲಿ 213 ತಾಯಂದಿರು ಸಾಯುತ್ತಿದ್ದರೆ, 2018-20ರಲ್ಲಿ 69. 2005ರ ಜನನಿ ಸುರಕ್ಷಾ, 2008ರಲ್ಲಿ ರಾಜ್ಯಕ್ಕೆ ಬಂದ 108 ಗಾಡಿ, ಊರೂರು ತಿರುಗಿದ ಆಶಾ ಕಾರ್ಯಕರ್ತೆಯರು, ಇವರೆಲ್ಲರ ಪಾಲೂ ಇದರಲ್ಲಿ ಉಂಟು.

ಹಾಗಾದರೆ ಇನ್ನೇನು ಚಿಂತೆ ಎಂದು ಕೇಳುವವರಿದ್ದಾರೆ. ಉಳಿದ 3 ಮಂದಿಯ ಚಿಂತೆ. ಅಷ್ಟೇ ಅಲ್ಲ, 97ರ ಲೆಕ್ಕದಲ್ಲಿದ್ದೂ ತಡವಾಗಿ ಮುಟ್ಟಿದವರ ಚಿಂತೆ. ದವಾಖಾನೆಯ ಬಾಗಿಲಲ್ಲಿ ಗಾಡಿಯೊಳಗೇ ಹಡೆದವಳೂ ಸರಕಾರದ ಪುಸ್ತಕದಲ್ಲಿ ಆಸ್ಪತ್ರೆಯ ಹೆರಿಗೆಯೇ ಆಗಿಬಿಡಬಹುದು!

ಸೂಲಗಿತ್ತಿಗೆ ನಮಸ್ಕಾರ, ಆದರೆ...

ಮನೆಯಲ್ಲಿ ಹೆರಿಗೆ ಮಾಡಿಸಿದ ಸೂಲಗಿತ್ತಿಯರನ್ನು ಹೀಗಳೆಯುವುದು ಉಪಕಾರ ಮರೆತ ಮಾತು. ಡಾಕ್ಟರ್ ಎಂಬ ಹೆಸರೇ ಕೇಳದ ಕಾಲದಲ್ಲಿ ಕಂದೀಲಿನ ಬೆಳಕಿನಲ್ಲಿ ತಲೆಮಾರುಗಳನ್ನು ಉಳಿಸಿದವರು ಅವರು. ಪಾವಗಡ ತಾಲೂಕಿನ ಸೂಲಗಿತ್ತಿ ನರಸಮ್ಮನವರು 15,000ಕ್ಕೂ ಮಿಕ್ಕಿ ಹೆರಿಗೆ ಮಾಡಿಸಿದವರೆಂದು ಹೆಸರಾದರು, 2018ರಲ್ಲಿ ಪದ್ಮಶ್ರೀ ಪಡೆದರು, ಅದೇ ವರ್ಷ ಡಿಸೆಂಬರಿನಲ್ಲಿ ತೀರಿಕೊಂಡರು. ಬಸುರಿಗೆ ಧೈರ್ಯ ಹೇಳುವುದು, ಬೆನ್ನು ನೀವುವುದು, ಅವಸರ ಮಾಡದಿರುವುದು, ಇದೆಲ್ಲ ಇಂದಿನ ದವಾಖಾನೆಗಳು ಅವರಿಂದ ಕಲಿಯಬೇಕಾದ ಪಾಠ.

ಆದರೆ ಎಂಥ ಕೈಗುಣದ ಸೂಲಗಿತ್ತಿಯ ಹತ್ತಿರವೂ ಇಲ್ಲದ್ದು ಒಂದುಂಟು: ರಕ್ತದ ಬಾಟಲಿ. ಕೂಸು ಹುಟ್ಟಿದ ಮೇಲೆ ಗರ್ಭಕೋಶ ಬಿಗಿಯದೆ ರಕ್ತ ಹರಿಯತೊಡಗಿದರೆ ಎರಡು ತಾಸಿನೊಳಗೆ ತಾಯಿ ಹೋಗಿಬಿಡಬಹುದು. "ನಮ್ಮ ಹುಡುಗಿ ಗಟ್ಟಿ ಅದಾಳ, ಏನೂ ಆಗೂದಿಲ್ಲ" ಎಂಬ ಧೈರ್ಯ ಇಲ್ಲಿ ಕೆಲಸಕ್ಕೆ ಬರುವುದಿಲ್ಲ. ಇದಕ್ಕೆ ಸಾಕ್ಷಿ ದೂರದ ಊರಿನದಲ್ಲ, ಇದೇ ಬೆಳಗಾವಿ ಜಿಲ್ಲೆಯದು.

2002ರಿಂದ 2005ರ ತನಕ ಬೆಳಗಾವಿಯ ಜವಾಹರಲಾಲ್ ನೆಹರು ವೈದ್ಯಕೀಯ ಕಾಲೇಜಿನವರು ಅಮೆರಿಕದ ಸಂಶೋಧಕರ ಜೊತೆಗೂಡಿ ಈ ಜಿಲ್ಲೆಯ ಹಳ್ಳಿಗಳಲ್ಲಿ ಒಂದು ಪರೀಕ್ಷೆ ನಡೆಸಿದರು. ಮನೆಯಲ್ಲೋ ಉಪಕೇಂದ್ರದಲ್ಲೋ ನರ್ಸಮ್ಮನ ಕೈಯಲ್ಲಿ ಹಡೆದ 1,620 ಹೆಣ್ಣುಮಕ್ಕಳು ಅದರಲ್ಲಿದ್ದರು. ಅರ್ಧ ಜನಕ್ಕೆ ಹೆರಿಗೆಯಾದ ಕೂಡಲೇ ಮಿಸೊಪ್ರೊಸ್ಟಾಲ್ ಎಂಬ ಗುಳಿಗೆ, ಉಳಿದರ್ಧ ಜನಕ್ಕೆ ಔಷಧವಿಲ್ಲದ ಗುಳಿಗೆ. ಔಷಧ ಸಿಗದವರಲ್ಲಿ 100ಕ್ಕೆ 12 ಮಂದಿಗೆ ವಿಪರೀತ ರಕ್ತಸ್ರಾವವಾಯಿತು. ಔಷಧ ಸಿಕ್ಕವರಲ್ಲಿ ಅದು 6.4ಕ್ಕೆ ಇಳಿಯಿತು. 2006ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಇದು ಅಚ್ಚಾಗಿ ಜಗತ್ತೇ ಬೆಳಗಾವಿಯತ್ತ ನೋಡಿತು. 2011ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಈ ಕೆಲಸಕ್ಕಾಗಿ ಆ ಗುಳಿಗೆಯನ್ನು ಅತ್ಯಗತ್ಯ ಔಷಧಗಳ ಪಟ್ಟಿಗೆ ಸೇರಿಸಿತು.

ಈ ಲೆಕ್ಕದಲ್ಲಿ ಗಮನಿಸಬೇಕಾದ ಸಂಗತಿ ಇನ್ನೊಂದಿದೆ. ಮೊದಲೇ ಅಪಾಯ ಕಂಡವರನ್ನು ಈ ಪರೀಕ್ಷೆಗೆ ಸೇರಿಸಿಯೇ ಇರಲಿಲ್ಲ. ಸರಳ ಹೆರಿಗೆ ಎಂದು ತಿಳಿದವರಲ್ಲೇ, ತರಬೇತಾದ ನರ್ಸ್ ಎದುರಿಗಿದ್ದಾಗಲೇ, 100ಕ್ಕೆ 12! ಅಂದಮೇಲೆ ಯಾರೂ ಎದುರಿಗಿಲ್ಲದ ಕೋಣೆಯಲ್ಲಿ ಏನಾದೀತು? ಹಾಗೆಂದು ಗುಳಿಗೆಯನ್ನು ಔಷಧದ ಅಂಗಡಿಯಿಂದ ತಂದು ಮನೆಯಲ್ಲಿಟ್ಟುಕೊಳ್ಳುವ ಸಾಹಸ ಯಾರಿಗೂ ಬೇಡ. ಕೂಸು ಹೊರಬರುವ ಮೊದಲು ಕೊಟ್ಟರೆ ಗರ್ಭಕೋಶವೇ ಹರಿಯುವ ಭಯವಿದೆ. ಅದು ತಿಳಿದವರ ಕೈಯಲ್ಲೇ ಇರಬೇಕು.

ಇತ್ತೀಚೆಗೆ ಓದಿದವರಲ್ಲೂ ಮನೆ ಹೆರಿಗೆಯ ಹುಚ್ಚು ಹತ್ತುತ್ತಿದೆ. 2018ರಲ್ಲಿ ತಮಿಳುನಾಡಿನ ತಿರುಪ್ಪೂರಿನಲ್ಲಿ ವಿಡಿಯೋ ನೋಡಿ ಮನೆಯಲ್ಲಿ ಹೆರಿಗೆಗೆ ಹೋಗಿ ಒಬ್ಬ ತಾಯಿ ಜೀವ ಕಳೆದುಕೊಂಡಳು. 2025ರ ಏಪ್ರಿಲಿನಲ್ಲಿ ಕೇರಳದ ಮಲಪ್ಪುರಂನಲ್ಲಿ ಇನ್ನೊಬ್ಬಳು ಹೋದಳು. ಅಲ್ಲಿ ದವಾಖಾನೆ ದೂರವಿರಲಿಲ್ಲ, ರಸ್ತೆಯೂ ಇತ್ತು. ಬುದ್ಧಿ ಮಾತ್ರ ತಡವಾಯಿತು.

ನಡುವಿನ ದಾರಿ

ಹಾಗಾದರೆ ಆರೋಗ್ಯ ಕೇಂದ್ರ? ಮುಂಬಯಿ, ಬೆಂಗಳೂರಿನ ಶ್ರೀಮಂತರು ಬರ್ತ್ ಸೆಂಟರ್ ಎಂದು ಹಣ ಕೊಟ್ಟು ಹುಡುಕುವ ಸೌಕರ್ಯ ಹಳ್ಳಿಗರಿಗೆ ಸರಕಾರದ ಹೆಸರಿನಲ್ಲಿ ಮೊದಲಿನಿಂದಲೂ ಉಂಟು. ಮನೆಗೆ ಹತ್ತಿರ, ಗುರುತಿನ ನರ್ಸ್, ಅವಸರವಿಲ್ಲ. ಹಗಲು ರಾತ್ರಿ ತೆರೆದಿದ್ದು, ತರಬೇತಾದ ಕೈ ಅಲ್ಲಿದ್ದರೆ, ಸರಳ ಹೆರಿಗೆಗೆ ಅದಕ್ಕಿಂತ ಒಳ್ಳೆಯ ಜಾಗ ಬೇರೆ ಬೇಡ. ರಕ್ತ ಕಟ್ಟುವ ಆಕ್ಸಿಟೋಸಿನ್ ಇಂಜೆಕ್ಷನ್ ಅಲ್ಲಿ ಸಿಗುತ್ತದೆ. ಬಿಪಿ ಏರಿ ಫಿಟ್ಸ್ ಬಂದರೆ ಮೊದಲ ಡೋಸ್ ಅಲ್ಲಿ ಕೊಡುತ್ತಾರೆ. ಕೂಸು ಅಳದಿದ್ದರೆ ಉಸಿರು ತುಂಬುವ ಚೀಲವಿರುತ್ತದೆ.

ಅಲ್ಲಿ ಆಗದ್ದು ಎರಡು: ಸಿಸೇರಿಯನ್ ಮತ್ತು ರಕ್ತ ಏರಿಸುವುದು. ಆದ್ದರಿಂದ ಹಿಂದೆ ಸಿಸೇರಿಯನ್ ಆದವರು, ಬಿಪಿ ಅಥವಾ ಸಕ್ಕರೆ ರೋಗ ಇದ್ದವರು, ರಕ್ತ ತೀರಾ ಕಡಿಮೆ ಇದ್ದವರು, ಅವಳಿ ಇದ್ದವರು, ಕೂಸು ಅಡ್ಡ ಅಥವಾ ತಿರುಗಿ ಕೂತವರು, ಹಿಂದಿನ ಹೆರಿಗೆಯಲ್ಲಿ ರಕ್ತ ಹೋದವರು, ಬಸುರಿನಲ್ಲಿ ರಕ್ತ ಕಂಡವರು ಅಲ್ಲಿಗೆ ಹೆರಿಗೆಗೆ ಹೋಗಬಾರದು. ನೇರವಾಗಿ ದೊಡ್ಡ ಆಸ್ಪತ್ರೆಗೇ ಹೋಗಬೇಕು. ಇದನ್ನು ತಿಳಿಯಲು ಜೋಯಿಸರು ಬೇಡ. ತಾಯಿ ಕಾರ್ಡಿನಲ್ಲಿ ಬರೆದಿರುತ್ತದೆ. ಪ್ರತಿ ತಿಂಗಳು 9ನೇ ತಾರೀಖು ಸರಕಾರಿ ಆಸ್ಪತ್ರೆಗಳಲ್ಲಿ ಗರ್ಭಿಣಿಯರ ವಿಶೇಷ ತಪಾಸಣೆ 2016ರಿಂದ ನಡೆದುಬಂದಿದೆ. ಆ ಕಾರ್ಡನ್ನು ಟ್ರಂಕಿನ ತಳದಿಂದ ತೆಗೆದು ಮನೆಯ ಗಂಡಸರೂ ಒಮ್ಮೆ ಓದಿದರೆ ಸಾಕು.

ದೊಡ್ಡ ಆಸ್ಪತ್ರೆ ದೇವರಲ್ಲ

ಬೆಳಗಾವಿಯ ಜಿಲ್ಲಾ ಆಸ್ಪತ್ರೆ, ನೆಹರು ನಗರದ ಕೆಎಲ್‌ಇ ಆಸ್ಪತ್ರೆ, ಗಲ್ಲಿಗಲ್ಲಿಯ ನರ್ಸಿಂಗ್ ಹೋಮುಗಳು ಇರುವ ಶಹರದವರಿಗೆ ಆಯ್ಕೆಗೆ ಬರವಿಲ್ಲ. ಅವರ ತಕರಾರು ಬೇರೆ. "ಒಳಗ ಹೋದ್ರ ಕೊಯ್ದ ಬಿಡ್ತಾರ್ರೀ" ಎಂಬ ಮಾತು ಪ್ರತಿ ಬಸ್ಸಿನಲ್ಲೂ ಕೇಳುತ್ತದೆ. ಮಾತು ಪೂರ್ತಿ ಸುಳ್ಳಲ್ಲ. ರಾಜ್ಯದಲ್ಲಿ 2015-16ರಲ್ಲಿ 100ಕ್ಕೆ 23.6 ಇದ್ದ ಸಿಸೇರಿಯನ್ 2019-21ಕ್ಕೆ 31.5 ಆಗಿದೆ. ಖಾಸಗಿಯಲ್ಲಿ ಅರ್ಧದಷ್ಟು ಹೆರಿಗೆ ಕತ್ತರಿಯಿಂದಲೇ. ಬೇಕಾದಾಗ ಸಿಸೇರಿಯನ್ ಜೀವ ಉಳಿಸುತ್ತದೆ. ಬೇಡದಾಗ ಮಾಡಿದರೆ ಬಾಣಂತಿಗೆ ನೋವು, ಮನೆಗೆ ಸಾಲ, ಮುಂದಿನ ಬಸುರಿಗೆ ಹೊಸ ಅಪಾಯ. ಯಾಕೆ ಬೇಕು ಎಂದು ಡಾಕ್ಟರರನ್ನು ಮರ್ಯಾದೆಯಿಂದ ಕೇಳುವ ಹಕ್ಕು ಎಲ್ಲರಿಗೂ ಇದೆ. ಉತ್ತರ ಹೇಳುವುದು ಡಾಕ್ಟರರ ಧರ್ಮ.

2024ರ ನವೆಂಬರಿನಲ್ಲಿ ಬಳ್ಳಾರಿಯ ಸರಕಾರಿ ಆಸ್ಪತ್ರೆಯಲ್ಲಿ ಸಿಸೇರಿಯನ್ ಆದ ಬಾಣಂತಿಯರು ಒಬ್ಬರ ಹಿಂದೊಬ್ಬರು ಸತ್ತದ್ದನ್ನು ರಾಜ್ಯ ಮರೆತಿಲ್ಲ. ಅವರಿಗೆ ಏರಿಸಿದ ಸಲೈನಿನ ಮೇಲೆ ಸಂಶಯ ಎದ್ದಿತು, ಔಷಧ ನಿಯಂತ್ರಕರ ಅಮಾನತೂ ಆಯಿತು. ಜನರನ್ನು ದವಾಖಾನೆಗೆ ಬನ್ನಿ ಎಂದು ಕರೆದ ಮೇಲೆ ಅಲ್ಲಿ ಕೊಡುವ ಸಲೈನೂ ಶುದ್ಧವಾಗಿರಬೇಕು. ಕರೆಯುವ ಬಾಯಿಗೆ ಈ ಹೊಣೆ ಇಲ್ಲದಿದ್ದರೆ ಅಜ್ಜಿಯ ಮಾತೇ ಗೆಲ್ಲುತ್ತದೆ.

ಖರ್ಚಿನ ಹೆದರಿಕೆಗೂ ಒಂದು ಮಾತು. 2011ರ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದ ಪ್ರಕಾರ ಸರಕಾರಿ ಆಸ್ಪತ್ರೆಯಲ್ಲಿ ಹೆರಿಗೆ, ಸಿಸೇರಿಯನ್, ಔಷಧ, ರಕ್ತ, ತಪಾಸಣೆ ಎಲ್ಲವೂ ಪುಕ್ಕಟೆ. ಸಾದಾ ಹೆರಿಗೆಗೆ 3 ದಿನ, ಸಿಸೇರಿಯನ್ನಿಗೆ 7 ದಿನ ಊಟ. ಬರಲು, ಹೋಗಲು, ಬೇರೆ ಆಸ್ಪತ್ರೆಗೆ ಕಳಿಸಲು ಗಾಡಿಯೂ ಪುಕ್ಕಟೆ. ಹಾಗಿದ್ದೂ ಯಾರಾದರೂ "ಕೂಸು ಗಂಡು, ಖುಷಿ ಕೊಡ್ರಿ" ಎಂದು ಕೈಯೊಡ್ಡಿದರೆ ಅದು ಲಂಚ. ಖುಷಿ ಎಂಬ ಹೆಸರು ಅದಕ್ಕೆ ಬೇಡ.

ಮೂರು ತಡ, ಒಂದು ಸಾವು

ತಾಯಂದಿರ ಸಾವಿನ ವಿಚಾರ ಮಾಡುವ ತಜ್ಞರು ಮೂರು ತಡ ಎಂದು ಹೇಳುತ್ತಾರೆ. ಹೋಗಬೇಕೆಂದು ತೀರ್ಮಾನಿಸುವಲ್ಲಿ ತಡ, ದಾರಿಯಲ್ಲಿ ತಡ, ಮುಟ್ಟಿದ ಮೇಲೆ ಚಿಕಿತ್ಸೆ ಸಿಗುವಲ್ಲಿ ತಡ. ಖಾನಾಪುರ ತಾಲೂಕಿನ ಪಶ್ಚಿಮದ ಮೂಲೆಗೆ ಈ ಮೂರೂ ಒಟ್ಟಿಗೆ ಗಂಟುಬಿದ್ದಿವೆ.

ಭೀಮಗಡ ವನ್ಯಧಾಮ ಘೋಷಣೆಯಾದದ್ದು 2011ರಲ್ಲಿ. ಅದರ ಒಳಗೆ ಗವಾಳಿ, ಕೊಂಗಳಾ, ದೇಗಾಂವ, ಆಮಗಾಂವ, ಕೃಷ್ಣಾಪುರದಂಥ ಹಳ್ಳಿಗಳು ತಲೆತಲಾಂತರದಿಂದ ಇವೆ. ಆಮಗಾಂವ ಅಂದರೆ ರಾಜ್ಯದಲ್ಲೇ ಹೆಚ್ಚು ಮಳೆ ಸುರಿಯುವ ಊರುಗಳಲ್ಲೊಂದು. ಜೂನ್ ಬಂತೆಂದರೆ ಹಳ್ಳ ತುಂಬುತ್ತದೆ, ಫೋನ್ ಹತ್ತುವುದಿಲ್ಲ, 108 ಗಾಡಿ ಡಾಂಬರು ಮುಗಿದಲ್ಲಿ ನಿಲ್ಲುತ್ತದೆ. 2024ರ ಜುಲೈಯಲ್ಲಿ ಆಮಗಾಂವದ ಒಬ್ಬ ಹೆಣ್ಣುಮಗಳಿಗೆ ಆರಾಮ ತಪ್ಪಿದಾಗ ಊರ ಗಂಡಸರು ಕಟ್ಟಿಗೆಯ ಡೋಲಿ ಮಾಡಿ, ಮಳೆಯಲ್ಲಿ ಕಾಡದಾರಿ ಹಿಡಿದು, ಹೆಗಲ ಮೇಲೆ ಹೊತ್ತು ತಂದದ್ದು ಪತ್ರಿಕೆಗಳಲ್ಲೆಲ್ಲ ಬಂತು. ಅದು ಹೆರಿಗೆಯ ಪ್ರಕರಣವಲ್ಲ. ಆದರೆ ರಕ್ತ ಹರಿಯುತ್ತಿರುವ ಬಾಣಂತಿಯನ್ನು ಅದೇ ದಾರಿಯಲ್ಲಿ, ಅದೇ ಡೋಲಿಯಲ್ಲಿ ತರುವುದನ್ನು ನೆನೆದರೆ ಎದೆ ಝಲ್ಲೆನ್ನುತ್ತದೆ. ಎರಡು ತಾಸಿನ ಲೆಕ್ಕ ಅಲ್ಲಿ ಹೇಗೆ ಕೂಡೀತು?

ಇದಕ್ಕೆ ತವರಿನ ರೂಢಿಯೂ ಕೂಡುತ್ತದೆ. ಚೊಚ್ಚಲ ಹೆರಿಗೆ ತವರಿನದು. ಉದ್ಯಮಬಾಗದ ಕಾರಖಾನೆಗೆ ಹೋಗುವವನ ಹೆಂಡತಿ, ಜಿಲ್ಲಾ ಆಸ್ಪತ್ರೆಯಿಂದ ಕೂಗಳತೆಯಲ್ಲಿ ಬಾಡಿಗೆಗೆ ಇದ್ದವಳು, ಏಳನೇ ತಿಂಗಳಿಗೆ ಕುಬಸ ಮುಗಿಸಿಕೊಂಡು ಜಾಂಬೋಟಿಯ ಆಚೆಯ ತವರಿಗೆ ಹೋಗುತ್ತಾಳೆ. ದವಾಖಾನೆ ಹತ್ತಿರವಿದ್ದವಳು ತಾನಾಗಿ ದೂರ ಹೋದಂತಾಯಿತು! ತವರಿನ ಮಮತೆ ಬೇಡವೆನ್ನುವ ಕಟುಕರು ಯಾರೂ ಇಲ್ಲ. ಆದರೆ ಮಳೆಗಾಲದ ಹೆರಿಗೆಗೆ ತವರಿನವರೇ ಮಗಳ ಮನೆಗೆ ಬಂದು ಉಳಿದರೆ ಏನು ಕಡಿಮೆಯಾದೀತು? ಹಡೆದು, ಗಟ್ಟಿಯಾದ ಮೇಲೆ ಬಾಣಂತನಕ್ಕೆ ತವರಿಗೆ ಹೋಗಲಿ.

ಸರಕಾರ ಮಾಡಬೇಕಾದದ್ದು

ಕಾಡಿನ ಹಳ್ಳಿಗಳಿಗೆ ರಸ್ತೆ ಬೇಕೋ, ಜನರನ್ನು ಹೊರತಂದು ನೆಲೆಯೂರಿಸಬೇಕೋ ಎಂಬ ವಾದ ವರ್ಷಗಟ್ಟಲೆ ನಡೆದಿದೆ. ಇನ್ನೂ ನಡೆಯಲಿ. ಬಸುರು ಮಾತ್ರ ಫೈಲಿನ ಹಾಗೆ ಕಾಯುವುದಿಲ್ಲ, ಅದಕ್ಕೆ ಒಂಬತ್ತೇ ತಿಂಗಳು. ಒರಿಸ್ಸಾದಲ್ಲಿ ದಾರಿಯಿಲ್ಲದ ಊರಿನ ಗರ್ಭಿಣಿಯರು ದಿನ ತುಂಬುವ ಮೊದಲೇ ಬಂದು ಆಸ್ಪತ್ರೆಯ ಹತ್ತಿರ ಇರಲು 'ಮಾ ಗೃಹ' ಎಂಬ ಮನೆಗಳಿವೆ. ಕೇರಳದ ವೈನಾಡಿನಲ್ಲಿ ಆದಿವಾಸಿ ಹೆಣ್ಣುಮಕ್ಕಳಿಗೆ ಇಂಥದೇ ಏರ್ಪಾಡು ಮಾಡಿದ್ದಾರೆ. ಖಾನಾಪುರದ ಸರಕಾರಿ ಆಸ್ಪತ್ರೆಯ ಪಕ್ಕದಲ್ಲಿ ನಾಲ್ಕು ಮಂಚ, ಒಂದು ಒಲೆ, ಜೊತೆಗೆ ಬಂದ ಅವ್ವನಿಗೋ ಅತ್ತೆಗೋ ಮಲಗಲು ಜಾಗ, ಇಷ್ಟಿದ್ದರೆ ಸಾಕು. ಜೂನಿನಿಂದ ಸೆಪ್ಟೆಂಬರ್ ತನಕ ಕಾಡಿನ ಹಳ್ಳಿಯ ಪ್ರತಿ ತುಂಬು ಬಸುರಿಯೂ ಕೊನೆಯ ಹದಿನೈದು ದಿನ ಅಲ್ಲಿರಲಿ. ಭತ್ತದ ನಾಟಿಯ ಹೊತ್ತಿನಲ್ಲಿ ಹದಿನೈದು ದಿನ ಪೇಟೆಯಲ್ಲಿ ಕೂಡ್ರುವುದು ಬಡವರಿಗೆ ಕಷ್ಟ. ಜೊತೆಗೆ ಬಂದವರ ಕೂಲಿ ತಪ್ಪಿದ್ದಕ್ಕೂ ಸರಕಾರವೇ ದಾರಿ ಹುಡುಕಲಿ.

ಇನ್ನೊಂದು, ಆಸ್ಪತ್ರೆಯ ಬಾಗಿಲಲ್ಲಿ ಇಂದು ರಾತ್ರಿ ಹೆರಿಗೆ ಡಾಕ್ಟರ್ ಯಾರು, ಅರಿವಳಿಕೆ ಕೊಡುವವರು ಯಾರು, ರಕ್ತ ಇದೆಯೋ ಇಲ್ಲವೋ ಎಂದು ಹಲಗೆಯ ಮೇಲೆ ಬರೆದು ಹಾಕಲಿ. ಇಲ್ಲವಾದರೆ ಇಲ್ಲ ಎಂದೇ ಬರೆಯಲಿ. ಖಾನಾಪುರದಿಂದ ಬೆಳಗಾವಿ ಸುಮಾರು 26 ಕಿ.ಮೀ. ಮೊದಲೇ ತಿಳಿದಿದ್ದರೆ ನೇರ ಹೋಗಬಹುದು. ಒಳಗೆ ಕರೆದು, ಎರಡು ತಾಸು ಇಟ್ಟುಕೊಂಡು, ಕೊನೆಗೆ ರೆಫರ್ ಚೀಟಿ ಕೈಗಿಡುವುದು ಚಿಕಿತ್ಸೆಯಲ್ಲ, ಕೈತೊಳೆದುಕೊಳ್ಳುವ ಉಪಾಯ. ಕಳಿಸಲೇಬೇಕಾದರೆ ಮುಂದಿನ ಆಸ್ಪತ್ರೆಗೆ ಫೋನ್ ಮಾಡಿ, ಗಾಡಿಯಲ್ಲಿ ಒಬ್ಬ ನರ್ಸನ್ನು ಕೂಡಿಸಿ ಕಳಿಸಲಿ.

ಮನೆಯವರು ಮಾಡಬೇಕಾದದ್ದು

ಏಳನೇ ತಿಂಗಳಲ್ಲಿ ಗಂಡ, ಅತ್ತೆ, ತವರಿನವರು ಒಟ್ಟಿಗೆ ಕೂತು ನಾಲ್ಕು ಮಾತು ಇತ್ಯರ್ಥ ಮಾಡಲಿ. ಯಾವ ಆಸ್ಪತ್ರೆ? ರಾತ್ರಿ ಗಾಡಿ ಯಾರದು? ಅದೇ ಗುಂಪಿನ ರಕ್ತ ಕೊಡುವ ಇಬ್ಬರು ಯಾರು? ಮನೆಯಲ್ಲಿ ಗಂಡಸರಿಲ್ಲದಾಗ ಹೊರಡು ಎನ್ನುವ ಅಧಿಕಾರ ಯಾರಿಗೆ? ಈ ನಾಲ್ಕನೆಯದು ಎಲ್ಲಕ್ಕಿಂತ ದೊಡ್ಡದು. ರಕ್ತ ಕಂಡರೆ, ತಲೆ ಸಿಡಿದು ಕಣ್ಣು ಮಂಜಾದರೆ, ನೀರು ಒಡೆದರೆ, ಕೂಸಿನ ಅಲುಗಾಟ ಕಡಿಮೆಯಾದರೆ ಬಸುರಿಯೇ ಹೇಳಿದ ಕೂಡಲೇ ಹೊರಡಬೇಕು. ಗಂಡ ಬರಲಿ, ಮಾವನನ್ನು ಕೇಳೋಣ ಎಂದು ಕಾಯುವ ಮನೆಯಲ್ಲಿ ಮೊದಲ ತಡ ಶುರುವಾಗುತ್ತದೆ.

ಪೇಟೆಯ ವ್ಯಾಪಾರಸ್ಥರಿಗೂ ಇದರಲ್ಲಿ ಪಾಲಿದೆ. ಅಂಗಡಿಯ ಹುಡುಗ "ಹೆಂಡತೀದು ದಿನ ತುಂಬ್ಯಾವ್ರೀ ಸಾವಕಾರ್ರ" ಎಂದರೆ ಎರಡು ದಿನ ರಜೆ, ನಾಲ್ಕು ರೂಪಾಯಿ ಮುಂಗಡ ಕೊಡಲು ಹಿಂದೆಮುಂದೆ ನೋಡಬಾರದು. ಬಸ್ಸಿನಲ್ಲಿ ತುಂಬು ಬಸುರಿ ನಿಂತಿದ್ದರೆ ಎದ್ದು ಸೀಟು ಕೊಡುವುದಕ್ಕೆ ಸರಕಾರದ ಆದೇಶ ಬೇಕಿಲ್ಲ. ವರ್ಷಕ್ಕೊಮ್ಮೆ ಬೆಳಗಾವಿಯ ರಕ್ತ ಭಂಡಾರಕ್ಕೆ ಹೋಗಿ ಒಂದು ಬಾಟಲಿ ರಕ್ತ ಕೊಟ್ಟರೆ ಅದು ಯಾವುದೋ ಹಳ್ಳಿಯ ಬಾಣಂತಿಯನ್ನು ಉಳಿಸೀತು.

ಮುಂದಿನ ಮಳೆಗಾಲಕ್ಕೆ ಮೊದಲು ಜಿಲ್ಲಾ ಆರೋಗ್ಯಾಧಿಕಾರಿಗಳು ಕಾಡಿನ ಹಳ್ಳಿಗಳಲ್ಲಿ ದಿನ ತುಂಬುವ ಬಸುರಿಯರ ಪಟ್ಟಿ ಮಾಡಲಿ. ಹೆಸರಿನ ಮುಂದೆ ಹೆರಿಗೆಯ ಜಾಗ, ಗಾಡಿಯ ನಂಬರು, ಊರು ಬಿಟ್ಟು ಹೊರಡುವ ತಾರೀಖು ಬರೆದಿಡಲಿ. ಪಟ್ಟಿ ಚಿಕ್ಕದು, ಕೆಲಸವೂ ಚಿಕ್ಕದು. ಮಾಡದೆ ಬಿಟ್ಟರೆ ಆಗುವ ನಷ್ಟ ಮಾತ್ರ ಯಾವ ಪರಿಹಾರದ ಚೆಕ್ಕಿನಿಂದಲೂ ತುಂಬುವಂಥದ್ದಲ್ಲ.