ರೂಟರ್ ಬದಲಿಸುವ ಮೊದಲು ವೈರ್ ನೋಡಿ

ಕಳೆದ ಮಳೆಗಾಲದಲ್ಲಿ ವರದಾ ನದಿ ದಂಡೆಯ ಊರಿನ ರೈತರೊಬ್ಬರು ನಮ್ಮನ್ನು ಹುಡುಕಿಕೊಂಡು ಬಂದರು. 2019ರ ಆಗಸ್ಟ್ ನೆರೆಯಲ್ಲಿ ಅವರ ಮನೆಯ ಗೋಡೆ ಬಿದ್ದಿತ್ತು. ಆಗ ಮನೆ ಹಾನಿಯನ್ನು ಎ, ಬಿ, ಸಿ ಅಂತ ವರ್ಗ ಮಾಡಿ ಪರಿಹಾರ ಕೊಟ್ಟಿದ್ದು ನಿಮಗೆ ನೆನಪಿರಬೇಕು. ಇವರ ಮನೆಯನ್ನು ಸಿ ವರ್ಗಕ್ಕೆ ಹಾಕಿದ್ದಾರೆ. ಬಿ ಆಗಬೇಕಿತ್ತು ಅಂತ ಇನ್ನೂ ಅರ್ಜಿ ಹಿಡಿದು ಓಡಾಡುತ್ತಿದ್ದಾರೆ.

"ಅವತ್ತ ನೀವ ಬಂದು ವಿಡಿಯೋ ಮಾಡ್ಕೊಂಡು ಹೋಗಿದ್ರಲ್ರೀ ಸರ್, ಅದು ಐತೇನ್ರೀ?"

ಇತ್ತು. ಎಲ್ಲಿತ್ತು ಅನ್ನೋದೇ ಪ್ರಶ್ನೆ. ನಾವು ಒಂದೇ ತಾಲ್ಲೂಕಿನ ಸುದ್ದಿ ನೋಡಿಕೊಳ್ಳುವ ಮೂವರು. ಮೂವರ ಹತ್ತಿರ ಸೇರಿ ಹನ್ನೊಂದು ಮೆಮೊರಿ ಕಾರ್ಡು, ಎರಡು ಪೆನ್‌ಡ್ರೈವ್, ಸತ್ತುಹೋದ ಒಂದು ಲ್ಯಾಪ್‌ಟಾಪ್. ನಾಲ್ಕು ದಿನ ಹುಡುಕಿ ಸಿಕ್ಕಿದ್ದು ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿದ್ದ ಸಣ್ಣ ತುಣುಕು. ವಾಟ್ಸ್‌ಆ್ಯಪ್ ವಿಡಿಯೋವನ್ನು ಹಿಂಡಿ ಸಣ್ಣದು ಮಾಡುತ್ತದೆ. ತೆಗೆದ ದಿನ, ಜಾಗದ ವಿವರ ಮೂಲ ಫೈಲಿನೊಳಗೆ ಇರುತ್ತದಲ್ಲ, ಅದನ್ನೂ ಉಳಿಸುವುದಿಲ್ಲ. ಅಧಿಕಾರಿಯ ಮುಂದೆ ಇಡಲು ಬೇಕಾಗಿದ್ದೇ ಆ ದಿನಾಂಕ.

ಅದಾದ ಮೇಲೆ ನಾವು ಮನೆಯಲ್ಲೇ ಒಂದು ಸ್ಟೋರೇಜ್ ಸರ್ವರ್ ಮಾಡಿದೆವು. ಹೆಸರು ಕೇಳಿ ಹೆದರಬೇಡಿ. ಡಿಟಿಪಿ ಅಂಗಡಿಯವರು ಮೂಲೆಗೆ ಹಾಕಿದ್ದ ಹಳೆಯ ಕಂಪ್ಯೂಟರು, ಅದಕ್ಕೆ 2 ಟಿಬಿಯ ಎರಡು ಹಾರ್ಡ್ ಡಿಸ್ಕು, ಓಪನ್‌ಮೀಡಿಯಾವಾಲ್ಟ್ ಅನ್ನುವ ಉಚಿತ ಸಾಫ್ಟ್‌ವೇರ್. ಮಾನಿಟರ್ ಇಲ್ಲ, ಕೀಬೋರ್ಡ್ ಇಲ್ಲ. ರೂಟರಿಗೆ ಒಂದು ವೈರ್ ಎಳೆದು ಬಿಟ್ಟರೆ ಮನೆಯ ಫೋನು, ಲ್ಯಾಪ್‌ಟಾಪ್ ಎಲ್ಲದರಿಂದಲೂ ಫೈಲು ಅದಕ್ಕೆ ಹಾಕಬಹುದು, ತೆಗೆಯಬಹುದು. ಮನೆಯವರಿಗೆಲ್ಲ ಸೇರಿ ಒಂದು ಕಪಾಟು ಇದ್ದ ಹಾಗೆ.

ಕಪಾಟು ರೆಡಿ ಆಯಿತು, ಬಾಗಿಲು ಮಾತ್ರ ತೆರೆಯಲೊಲ್ಲದು. ಅಂದರೆ ವಿಪರೀತ ನಿಧಾನ. ವೈಫೈ ಮೇಲೆ ಸೆಕೆಂಡಿಗೆ ಮೂರು ನಾಲ್ಕು ಎಂಬಿ. 100 ಜಿಬಿ ಕಾಪಿ ಮಾಡಲು ಏಳೆಂಟು ತಾಸು. ನಮ್ಮ ಕಡೆ ಏಳು ತಾಸು ಒಂದೇ ಸಮನೆ ಕರೆಂಟ್ ಇರುತ್ತದೆ ಅಂತ ಯಾರೂ ಗ್ಯಾರಂಟಿ ಕೊಡುವುದಿಲ್ಲ.

ಸಲಹೆಗಳಿಗೇನು ಕಡಿಮೆ? ಅಂಗಡಿಯವರು ರೂಟರ್ ಬದಲಿಸಿ ಅಂದರು. ನೆಟ್ ಹಾಕಿದ ಹುಡುಗ ದೊಡ್ಡ ಪ್ಲಾನ್ ತಗೊಳ್ಳಿ ಅಂದ. ನಮ್ಮಲ್ಲೇ ಒಬ್ಬರು ಹಾರ್ಡ್ ಡಿಸ್ಕ್ ಬಿಟ್ಟು ಎಸ್‌ಎಸ್‌ಡಿ ಹಾಕೋಣ ಅಂದರು. ಮೂರನ್ನೂ ಮಾಡಿದ್ದರೆ ಹತ್ತಾರು ಸಾವಿರ ಖರ್ಚಾಗುತ್ತಿತ್ತು, ನಿಧಾನ ಹಾಗೇ ಇರುತ್ತಿತ್ತು. ನಮ್ಮ ತಕರಾರು ಇಲ್ಲೇ ಇದೆ. ಹಳ್ಳಿಯವರು "ಸ್ಲೋ ಐತ್ರಿ" ಅಂದರೆ ಸಾಕು, ಯಾರೂ ಏನನ್ನೂ ಅಳೆಯದೆ ಹೊಸದೊಂದನ್ನು ಮಾರುತ್ತಾರೆ. ನಾವೂ ಕೇಳುವುದಿಲ್ಲ. ಬೋರ್‌ವೆಲ್ ನೀರು ಕಡಿಮೆ ಬಂದರೆ ಮೊದಲು ಪೈಪ್ ಎಲ್ಲಿ ಸೋರುತ್ತಿದೆ ಅಂತ ನೋಡುವ ಜನ ನಾವು, ಮೋಟರ್ ಬದಲಿಸಲು ಓಡುವುದಿಲ್ಲ. ಕಂಪ್ಯೂಟರ್ ಮುಂದೆ ಕೂತಾಗ ಮಾತ್ರ ಆ ಬುದ್ಧಿ ಮನೆಯಲ್ಲೇ ಬಿಟ್ಟು ಬರುತ್ತೇವೆ.

ಪ್ಲಾನ್ ವಿಷಯ ತಾನಾಗಿಯೇ ತೀರ್ಮಾನವಾಯಿತು. ರಸ್ತೆ ಪಕ್ಕ ಪೈಪ್ ಹಾಕಲು ಬಂದ ಜೆಸಿಬಿ ಫೈಬರ್ ಕೇಬಲ್ ಕಿತ್ತುಹಾಕಿತು. ಎರಡು ದಿನ ನೆಟ್ ಇಲ್ಲ. ಆದರೂ ಲ್ಯಾಪ್‌ಟಾಪಿನಿಂದ ಸರ್ವರಿಗೆ ಫೈಲು ಅದೇ ವೇಗದಲ್ಲಿ ಹೋಗುತ್ತಿತ್ತು, ಒಂದು ಎಂಬಿ ಹೆಚ್ಚಿಲ್ಲ, ಕಡಿಮೆ ಇಲ್ಲ. ಯಾಕೆಂದರೆ ಆ ಫೈಲು ಮನೆ ಬಿಟ್ಟು ಹೊರಗೆ ಹೋಗುವುದೇ ಇಲ್ಲ. ಲ್ಯಾಪ್‌ಟಾಪಿನಿಂದ ರೂಟರಿಗೆ, ರೂಟರಿನಿಂದ ಸರ್ವರಿಗೆ, ಅಷ್ಟೇ. ತಿಂಗಳಿಗೆ ಎಷ್ಟು ರೂಪಾಯಿಯ ಪ್ಲಾನ್ ಅನ್ನೋದಕ್ಕೂ ಇದಕ್ಕೂ ಸಂಬಂಧವಿಲ್ಲ. ಇದೊಂದು ಮಾತು ತಿಳಿದರೆ ಎಷ್ಟೋ ಮನೆಯ ದುಡ್ಡು ಉಳಿದೀತು.

ಆಮೇಲೆ ವೈಫೈ ಬಿಟ್ಟು ಲ್ಯಾಪ್‌ಟಾಪಿಗೂ ವೈರ್ ಹಾಕಿ ನೋಡಿದೆವು. ವೇಗ ಸೆಕೆಂಡಿಗೆ 11 ಎಂಬಿಗೆ ಏರಿ ಅಲ್ಲೇ ನಿಂತಿತು. ಹತ್ತಕ್ಕೆ ಇಳಿಯದು, ಹನ್ನೆರಡಕ್ಕೆ ಏರದು. ಅಂಕಿ ಹೀಗೆ ಅಲುಗಾಡದೆ ನಿಂತರೆ ಅದೇ ದೊಡ್ಡ ಸುಳಿವು.

ಇಲ್ಲಿ ಒಂದು ಲೆಕ್ಕ ಹೇಳಬೇಕು. ನೆಟ್ ಕಂಪನಿಯವರು, ರೂಟರಿನವರು ಹೇಳುವ ಎಂಬಿಪಿಎಸ್ ಬಿಟ್‌ಗಳ ಲೆಕ್ಕ. ಫೈಲ್ ಕಾಪಿ ಆಗುವಾಗ ಕಾಣುವ ಎಂಬಿ ಬೈಟ್‌ಗಳ ಲೆಕ್ಕ. ಎಂಟು ಬಿಟ್ ಸೇರಿದರೆ ಒಂದು ಬೈಟ್. ಹಾಗಾಗಿ 100 ಎಂಬಿಪಿಎಸ್ ದಾರಿಯಲ್ಲಿ ಎಂಟರಿಂದ ಭಾಗಿಸಿದರೆ ಹನ್ನೆರಡೂವರೆ. ದಾರಿ ಖರ್ಚು ಕಳೆದು ಕೈಗೆ ಸಿಗುವುದು ಹನ್ನೊಂದು ಚಿಲ್ಲರೆ. ಗಿಗಾಬಿಟ್ ದಾರಿ, ಅಂದರೆ 1000 ಎಂಬಿಪಿಎಸ್ ಆಗಿದ್ದರೆ 110ರ ಆಸುಪಾಸು. ನಮ್ಮ ಕಂಪ್ಯೂಟರು, ಲ್ಯಾಪ್‌ಟಾಪು, ರೂಟರಿನ ಪೋರ್ಟು ಮೂರೂ ಗಿಗಾಬಿಟ್‌ನವೇ. ಹಾಗಿದ್ದರೆ ಯಾರೋ ನಡುವೆ ಗೇಟ್ ಹಾಕಿದ್ದಾರೆ ಅಂತಾಯಿತು.

ಡಿಸ್ಕೇ ನಿಧಾನ ಇರಬಹುದಲ್ಲ? ಅದನ್ನು ಬೇರೆ ಮಾಡಿ ನೋಡಲು ಐಪರ್ಫ್3 ಅನ್ನುವ ಸಣ್ಣ ಉಚಿತ ಪ್ರೋಗ್ರಾಂ ಇದೆ. ಅದು ಡಿಸ್ಕನ್ನು ಮುಟ್ಟುವುದೇ ಇಲ್ಲ, ಒಂದು ಕಂಪ್ಯೂಟರಿನಿಂದ ಇನ್ನೊಂದಕ್ಕೆ ಸುಮ್ಮನೆ ಡೇಟಾ ತಳ್ಳಿ ದಾರಿ ಎಷ್ಟು ಅಗಲ ಅಂತ ಹೇಳುತ್ತದೆ. ಹಾಕಿದೆವು. 94 ಎಂಬಿಪಿಎಸ್. 94 ಬಂತು ಅಂದರೆ ಎಲ್ಲೋ ಒಂದು ಕಡೆ ಲಿಂಕ್ 100ಕ್ಕೆ ಇಳಿದಿದೆ ಅಂತ ಹೆಚ್ಚುಕಡಿಮೆ ಖಚಿತ. ಡಿಸ್ಕು ನಿರಪರಾಧಿ. ಎಸ್‌ಎಸ್‌ಡಿ ದುಡ್ಡು ಉಳಿಯಿತು.

ಕೊನೆಗೆ ಸಿಕ್ಕಿಬಿದ್ದದ್ದು ವೈರು. ನೆಟ್‌ವರ್ಕ್ ವೈರಿನೊಳಗೆ ಎಂಟು ಎಳೆ, ಎರಡೆರಡು ಹೆಣೆದ ನಾಲ್ಕು ಜೋಡಿ. 100 ಎಂಬಿಪಿಎಸ್‌ಗೆ ಎರಡು ಜೋಡಿ ಸಾಕು. ಗಿಗಾಬಿಟ್‌ಗೆ ನಾಲ್ಕೂ ಜೋಡಿ ಬೇಕೇ ಬೇಕು. ಒಂದು ಎಳೆ ಕೈಕೊಟ್ಟರೂ ಬಹಳಷ್ಟು ಕಾರ್ಡುಗಳು ಸದ್ದಿಲ್ಲದೆ 100ಕ್ಕೆ ಇಳಿದು ಕೆಲಸ ಮುಂದುವರಿಸುತ್ತವೆ. ಲೈಟ್ ಮಿನುಗುತ್ತದೆ, ನೆಟ್ ಬರುತ್ತದೆ, ಯೂಟ್ಯೂಬ್ ಓಡುತ್ತದೆ. ಯಾರಿಗೆ ಅನುಮಾನ ಬರಬೇಕು? ಪರಿಚಯದ ಎಲೆಕ್ಟ್ರಿಷಿಯನ್ ಹತ್ತಿರ ಕೇಬಲ್ ಟೆಸ್ಟರ್ ಇತ್ತು. ಒಂದರಿಂದ ಎಂಟರವರೆಗೆ ಸಣ್ಣ ದೀಪ ಇರುವ ಡಬ್ಬಿ. ಎರಡೂ ತುದಿ ಸಿಕ್ಕಿಸಿ ಒತ್ತಿದರೆ ದೀಪಗಳು ಸಾಲಾಗಿ ಹತ್ತಬೇಕು. ನಮ್ಮದರಲ್ಲಿ ಏಳನೆಯದು ಹತ್ತಲಿಲ್ಲ. ಬಿಳಿ-ಕಂದು ಬಣ್ಣದ ಎಳೆ ಜಾಕಿನ ಹಲ್ಲಿಗೆ ತಾಗದೆ ಹೊರಗೇ ಉಳಿದಿತ್ತು. ವೈರ್ ಎಳೆದವರು ಅವಸರದಲ್ಲಿ ಒತ್ತಿದ್ದರು.

ತುದಿ ಕತ್ತರಿಸಿ ಹೊಸ ಜಾಕ್ ಹಾಕಿಸಿದೆವು. ಮತ್ತೆ ಐಪರ್ಫ್: 940. ಕಾಪಿ ವೇಗ 110 ಎಂಬಿ. 100 ಜಿಬಿಗೆ ಕಾಲು ತಾಸು. ಖರ್ಚಾದದ್ದು ಒಂದು ಜಾಕ್, ಎರಡು ಚಹಾ.

ಎಲ್ಲರ ಮನೆಯಲ್ಲೂ ಕಳ್ಳ ವೈರಿನಲ್ಲೇ ಇರುತ್ತಾನೆ ಅಂತ ನಾವು ಹೇಳುವುದಿಲ್ಲ. ನೆಟ್ ಜೊತೆ ಕೊಡುವ ಎಷ್ಟೋ ಡಬ್ಬಿಗಳಲ್ಲಿ ಒಂದು ಪೋರ್ಟ್ ಮಾತ್ರ ಗಿಗಾಬಿಟ್, ಉಳಿದವು 100. ಸಿಕ್ಕಿದ್ದಕ್ಕೆ ಸಿಕ್ಕಿಸಿದರೆ ಮುಗಿಯಿತು. ಸರ್ವರ್ ಮಾಡಲು ರಾಸ್‌ಬೆರಿ ಪೈ 3 ಹಾಕಿದರೆ ಅದರ ಪೋರ್ಟೇ 100ರದು. ಹಳೆ ಮಾದರಿಯ ಯುಎಸ್‌ಬಿ 2.0ಗೆ ಡಿಸ್ಕ್ ಹಾಕಿದರೆ ಮೂವತ್ತು ನಲವತ್ತು ಎಂಬಿಗಿಂತ ಮೇಲೆ ಹೋಗುವುದು ಕಷ್ಟ. ಇನ್ನು ಸಣ್ಣ ಸಣ್ಣ ಸಾವಿರಾರು ಫೋಟೋ ಕಾಪಿ ಮಾಡುವಾಗ ಎಂಥ ಸರ್ವರ್ ಆದರೂ ಏದುಸಿರು ಬಿಡುತ್ತದೆ. ಅದು ದೋಷವಲ್ಲ. ವೇಗ ಅಳೆಯಬೇಕೆಂದರೆ ಒಂದು ದೊಡ್ಡ ವಿಡಿಯೋ ಹಾಕಿ ಅಳೆಯಿರಿ.

ಫೋನ್ ಕಥೆ ಬೇರೆ. ಅದಕ್ಕೆ ವೈಫೈಯೇ ಗತಿ. 2.4 ಗಿಗಾಹರ್ಟ್ಸ್ ಸಿಗ್ನಲ್ ದೂರ ಹೋಗುತ್ತದೆ, ನಿಧಾನ. 5 ಗಿಗಾಹರ್ಟ್ಸ್ ವೇಗ, ಆದರೆ ನಮ್ಮ ಹಳೇ ಮನೆಗಳ ಎರಡಡಿ ಮಣ್ಣಿನ ಗೋಡೆ ದಾಟುವುದಿಲ್ಲ. ನಾವು ಕಂಡುಕೊಂಡ ಉಪಾಯ ಸರಳ: ರಾತ್ರಿ ಫೋನನ್ನು ರೂಟರ್ ಇರುವ ಕೋಣೆಯಲ್ಲೇ ಚಾರ್ಜಿಗೆ ಹಾಕುತ್ತೇವೆ.

ಇನ್ನೊಂದು ಕಾಟ ಕರೆಂಟಿನದು. ಕರೆಂಟ್ ಹೋಗಿ ಬಂದಾಗೆಲ್ಲ ಸರ್ವರ್ ಕಾಣೆಯಾಗುತ್ತಿತ್ತು. ಕೆಟ್ಟಿತೇನೋ ಅಂತ ಬಿಚ್ಚಿದ್ದೂ ಆಯಿತು. ಆಗಿದ್ದಿಷ್ಟೇ, ರೂಟರ್ ಪ್ರತಿ ಸಲ ಅದಕ್ಕೆ ಹೊಸ ವಿಳಾಸ ಕೊಡುತ್ತಿತ್ತು, ನಮ್ಮ ಫೋನು ಹಳೇ ವಿಳಾಸದಲ್ಲಿ ಹುಡುಕುತ್ತಿತ್ತು. ರೂಟರ್ ಸೆಟ್ಟಿಂಗ್‌ನಲ್ಲಿ ಸರ್ವರಿಗೆ ಒಂದು ವಿಳಾಸ ಕಾಯಂ ಮಾಡಿದ ಮೇಲೆ ಆ ತಲೆನೋವು ಹೋಯಿತು. ಫೈಲ್ ಬರೆಯುತ್ತಿರುವಾಗಲೇ ಕರೆಂಟ್ ಹೋದರೆ ಡಿಸ್ಕಿನೊಳಗಿನ ಲೆಕ್ಕ ಕೆಡಬಹುದು. ಅದಕ್ಕೆ ಸಣ್ಣ ಯುಪಿಎಸ್ ತಂದೆವು. ಖರ್ಚು ಮಾಡಲೇಬೇಕು ಅಂತ ನಾವು ಒಪ್ಪಿದ ವಸ್ತು ಅದೊಂದೇ.

ಹೊರಗಿನಿಂದ ನೋಡುವ ಹಾಗೆ ಸರ್ವರನ್ನು ಇಂಟರ್‌ನೆಟ್‌ಗೆ ತೆರೆದಿಡಿ ಅಂತಲೂ ಕೆಲವರು ಹೇಳುತ್ತಾರೆ. ನಾವು ತೆರೆದಿಲ್ಲ. 2021ರ ಜೂನ್‌ನಲ್ಲಿ ವೆಸ್ಟರ್ನ್ ಡಿಜಿಟಲ್ ಕಂಪನಿಯ ಮೈ ಬುಕ್ ಲೈವ್ ಅನ್ನುವ ಇಂಥದ್ದೇ ಪೆಟ್ಟಿಗೆಗಳೊಳಗೆ ಯಾರೋ ದೂರದಿಂದ ನುಗ್ಗಿ ಎಲ್ಲ ಅಳಿಸಿಹಾಕಿದ್ದರು. ಬೇರೆ ಬೇರೆ ದೇಶದ ಜನ ಬೆಳಗ್ಗೆದ್ದು ನೋಡಿದರೆ ವರ್ಷಗಟ್ಟಲೆ ಕೂಡಿಟ್ಟ ಫೋಟೋ ಇಲ್ಲ. ಮನೆಯ ಕಪಾಟು ಮನೆಯೊಳಗಿದ್ದರೆ ಸಾಕು.

ಹಾಗಂತ ಎಲ್ಲರೂ ಸರ್ವರ್ ಕಟ್ಟಿ ಅನ್ನುವುದೂ ನಮ್ಮ ವಾದವಲ್ಲ. ಮಕ್ಕಳ ಫೋಟೋ, ಪಹಣಿ, ಆಧಾರ್ ಸೇರಿ ಹತ್ತು ಜಿಬಿ ಇರುವವರಿಗೆ ಗೂಗಲ್ ಉಚಿತವಾಗಿ ಕೊಡುವ 15 ಜಿಬಿ ಸಾಕು. ಮದುವೆ ವಿಡಿಯೋ ಮಾಡುವವರು, ಬಯಲಾಟದ ಮೇಳದವರು, ನಮ್ಮಂಥ ಸುದ್ದಿಯವರು, ಶಾಲೆ, ಸಂಘಗಳಿಗೆ ಮಾತ್ರ ಇದು ಕೆಲಸಕ್ಕೆ ಬರುತ್ತದೆ. ಇಂಥವರು ಪ್ರತಿ ಊರಲ್ಲೂ ಇಬ್ಬರು ಮೂವರಾದರೂ ಇದ್ದಾರೆ.

ಅದಕ್ಕೆ ನಮ್ಮದೊಂದು ಬೇಡಿಕೆ. ಗ್ರಾಮ ಪಂಚಾಯಿತಿ ಅರಿವು ಕೇಂದ್ರಗಳಿಗೆ ಈಗ ಕಂಪ್ಯೂಟರ್ ಬಂದಿವೆ. ಅಲ್ಲೊಂದು ಕೇಬಲ್ ಟೆಸ್ಟರ್ ಇಡಲಿ. ಭಾರೀ ಬೆಲೆಯದ್ದೇನೂ ಅಲ್ಲ, ಪಂಚಾಯಿತಿಯ ಒಂದು ಸಭೆಯ ಚಹಾ ಖರ್ಚಿನಲ್ಲಿ ಬರುತ್ತದೆ. ಬೇಕಾದವರು ಒಯ್ದು ಮರಳಿಸಲಿ. ಮನೆಗೆ ನೆಟ್ ಹಾಕಲು ಬಂದವರಿಗೂ ಒಂದು ಮಾತು ಕೇಳಿ: "ತಮ್ಮಾ, ಎಂಟೂ ದೀಪ ಹತ್ತಿಸಿ ತೋರಿಸು, ಆಮೇಲೆ ಸಹಿ ಹಾಕ್ತೀವಿ."

ನಮ್ಮ ಕಪಾಟಿಗೆ ಈಗ ಒಂಬತ್ತು ಕಾರ್ಡುಗಳ ಸರಕು ಬಂದಿದೆ. ಎರಡೂ ಡಿಸ್ಕಿನಲ್ಲಿ ಒಂದೊಂದು ಪ್ರತಿ ಇದೆ. ಸಿಡಿಲು ಹೊಡೆದರೆ ಎರಡೂ ಒಟ್ಟಿಗೆ ಹೋಗುತ್ತವೆ ಅಂತ ಮೂರನೇ ಪ್ರತಿಯನ್ನು ಬೇರೊಬ್ಬರ ಮನೆಯ ಟ್ರಂಕಿನಲ್ಲಿ ಇಟ್ಟಿದ್ದೇವೆ. ಉಳಿದಿರುವುದು 2019ರ ಎರಡು ಕಾರ್ಡು. ಆ ರೈತರ ಮನೆಯ ಮೂಲ ವಿಡಿಯೋ ಇರಬೇಕಾದದ್ದು ಅವೆರಡರಲ್ಲೇ. ಒಂದನ್ನು ನೋಡಿದೆವು, ಅದರಲ್ಲಿ ಇಲ್ಲ. ಇನ್ನೊಂದನ್ನು ಯಾವ ಕಂಪ್ಯೂಟರೂ ಗುರುತಿಸುತ್ತಿಲ್ಲ. ಮುಂದಿನ ವಾರ ಅದನ್ನು ಹುಬ್ಬಳ್ಳಿಗೆ ಒಯ್ಯುತ್ತಿದ್ದೇವೆ.