ನಗರ ಬೆಳೆಯಿತು, ದಾಸೋಹ ಬೆಳೆಯಿತೇ?



ಮಠದ ಹಳೆಯ ವಿದ್ಯಾರ್ಥಿಗಳು ಕಲೆತಾಗಲೆಲ್ಲ ತಮ್ಮ ತಮ್ಮ ನಗರಗಳ ಅಭಿವೃದ್ಧಿಯನ್ನು ಅಭಿಮಾನದಿಂದ ವರ್ಣಿಸುವುದು ವಾಡಿಕೆ. ರಸ್ತೆಗಳು ಅಗಲವಾದವು, ಕಾಲೇಜುಗಳು ಹೆಚ್ಚಿದವು, ನಿವೇಶನಗಳ ಬೆಲೆ ಏರಿತು ಎನ್ನುತ್ತಾರೆ. ಬೆಲೆ ಏರಿದುದು ನಿಜ. ಬೆಲೆ ಏರಿದ ಮಾತ್ರಕ್ಕೆ ಊರು ದೊಡ್ಡದಾಗುವುದೇ? ದಾವಣಗೆರೆಯ ಚರಿತ್ರೆಯನ್ನು ಸಾಕ್ಷಿಗೆ ಕರೆದು ಈ ಪ್ರಶ್ನೆಯನ್ನು ತಮ್ಮ ಮುಂದಿಡುತ್ತಿದ್ದೇನೆ.

ದಾವಣಗೆರೆ ಒಂದು ಕಾಲಕ್ಕೆ ಬೇತೂರಿನ ಮಗ್ಗುಲಲ್ಲಿದ್ದ ಸಾಮಾನ್ಯ ಗ್ರಾಮ. ಹೈದರಾಲಿಯಿಂದ ಅದನ್ನು ಜಹಗೀರಾಗಿ ಪಡೆದ ಮರಾಠಾ ಸರದಾರ ಅಪ್ಪೋಜಿರಾಮನು ವರ್ತಕರನ್ನು ಕರೆದು ನೆಲೆಗೊಳಿಸಿದನು. ಮಲೆನಾಡಿನ ಅಡಿಕೆ, ಮೆಣಸು ಇಲ್ಲಿಂದ ದೂರದ ವಾಲಾಜಾಪೇಟೆಯವರೆಗೆ ಸಾಗುತ್ತಿದ್ದವು. ಇಲ್ಲಿಯ ಕಂಬಳಿಗೆ ಹೆಸರಿತ್ತು. ಆ ವರ್ತಕರಲ್ಲಿ ಹೆಚ್ಚಿನವರು ಶಿವಭಕ್ತರು. ಮುಂದೆ ರೈಲು ಬಂದಿತು. 1930ರ ದಶಕದಿಂದ ಹತ್ತಿಯ ಗಿರಣಿಗಳು ಎದ್ದವು. ಜನರು ಊರನ್ನು ‘ಕರ್ನಾಟಕದ ಮ್ಯಾಂಚೆಸ್ಟರ್’ ಎಂದು ಕೊಂಡಾಡಿದರು.

ಚರಿತ್ರೆ ಇಷ್ಟೇ ಆಗಿದ್ದರೆ, ಗಿರಣಿಗಳ ಬಾಗಿಲು ಮುಚ್ಚಿದಾಗ ಊರಿನ ಬಾಗಿಲೂ ಮುಚ್ಚಬೇಕಾಗಿತ್ತು. ಮುಚ್ಚಲಿಲ್ಲ. 1997ರಲ್ಲಿ ಅದು ಜಿಲ್ಲಾ ಕೇಂದ್ರವಾಯಿತು, 2007ರಲ್ಲಿ ಮಹಾನಗರಪಾಲಿಕೆಯಾಯಿತು. ಸಂಪಾದಿಸಿದವರು ತಮ್ಮ ಸಂಪಾದನೆಯ ಒಂದು ಪಾಲನ್ನು ಊರಿಗೇ ಹಿಂದಿರುಗಿಸಿದ್ದರು. ಆ ಪಾಲೇ ಊರನ್ನು ಉಳಿಸಿತು. ಅಲ್ಲಿಯ ವಿಜ್ಞಾನ ಕಾಲೇಜು ಇಂದಿಗೂ ರಾಜನಹಳ್ಳಿ ಮನೆತನದ ಹೆಸರನ್ನು ಹೊತ್ತು ನಿಂತಿದೆ. 1913ರಲ್ಲಿ ಅಲ್ಲಿಯ ವಿರಕ್ತಮಠದಲ್ಲಿ ಮೃತ್ಯುಂಜಯ ಅಪ್ಪಗಳವರ ಆಶ್ರಯದಲ್ಲಿ ಹರ್ಡೇಕರ ಮಂಜಪ್ಪನವರು ಬಸವ ಜಯಂತಿಯನ್ನು ಸಾರ್ವಜನಿಕ ಉತ್ಸವವನ್ನಾಗಿ ಆರಂಭಿಸಿದರು. ಅದೇ ಅಪ್ಪಗಳು ಮುಂದೆ ಧಾರವಾಡದ ಮುರುಘಾಮಠದಲ್ಲಿ ಬಡ ವಿದ್ಯಾರ್ಥಿಗಳಿಗೆ ಉಚಿತ ಪ್ರಸಾದನಿಲಯವನ್ನು ನಡೆಸಿದರು. ಜಯಂತಿ ಮತ್ತು ಪ್ರಸಾದ ಅವರಿಗೆ ಎರಡಾಗಿರಲಿಲ್ಲ. ನಮಗೆ ಎರಡಾಗಿವೆ, ಜಯಂತಿಯ ಮೆರವಣಿಗೆ ಉದ್ದವಾದಂತೆ ಪ್ರಸಾದದ ಪಂಕ್ತಿ ಮೊಟಕಾಗುತ್ತಿದೆ.

ಇಂದು ನಮ್ಮ ನಗರಗಳ ವಿದ್ಯಾಸಂಸ್ಥೆಗಳಲ್ಲಿ ನಡೆಯುತ್ತಿರುವುದೇನು? ಇದು ಒಂದು ಊರಿನ, ಒಂದು ಸಂಸ್ಥೆಯ ಮಾತಲ್ಲ. ವಂತಿಗೆಯನ್ನು ನಿಷೇಧಿಸಲು ಕರ್ನಾಟಕ ಸರ್ಕಾರವು 1984ರಲ್ಲಿ ಕಾಯಿದೆಯನ್ನೇ ಮಾಡಬೇಕಾಯಿತು. ನಮ್ಮ ರಾಜ್ಯದಿಂದಲೇ ಹೋದ ಮೋಹಿನಿ ಜೈನ್ ಮೊಕದ್ದಮೆಯಲ್ಲಿ 1992ರಲ್ಲಿ ಸರ್ವೋಚ್ಚ ನ್ಯಾಯಾಲಯವು ವಂತಿಗೆಯನ್ನು ಖಂಡಿಸಿತು. ಬಸವಣ್ಣನವರ ನಾಡಿಗೆ ಈ ಪಾಠವನ್ನು ನ್ಯಾಯಾಲಯ ಹೇಳಿಕೊಡಬೇಕಾಗಿ ಬಂದುದೇ ನಾಚಿಕೆಗೇಡು.

“ಹಣವಿಲ್ಲದೆ ಕಾಲೇಜು ನಡೆದೀತೇ? ಅಧ್ಯಾಪಕರಿಗೆ ಸಂಬಳ ಬೇಡವೇ?” ಎಂದು ಕೆಲವರು ಕೇಳುವರು. ನ್ಯಾಯವಾದ ಪ್ರಶ್ನೆ. ಖರ್ಚಿಗೆ ತಕ್ಕ ಶುಲ್ಕವನ್ನು ಯಾರೂ ಆಕ್ಷೇಪಿಸರು. ಆದರೆ ಶುಲ್ಕ ಬೇರೆ, ಸ್ಥಾನದ ಮಾರಾಟ ಬೇರೆ. ಭಿಕ್ಷೆಯ ಜೋಳದಿಂದ ಅನ್ನಛತ್ರ ನಡೆಸಿದ ಮಠಗಳನ್ನು ಕಂಡ ನಾವು, ಇಷ್ಟು ಸಿರಿಯ ನಡುವೆ ಬಡತನದ ನೆಪ ಹೇಳುವುದು ಸಲ್ಲದು.

ಹಳೆಯ ವಿದ್ಯಾರ್ಥಿಗಳೇ, ತಾವು ಉಂಡ ಅನ್ನಕ್ಕೆ ಮಠವು ರಸೀದಿ ಬರೆಯಲಿಲ್ಲ. ಆದುದರಿಂದಲೇ ಆ ಋಣ ತೀರಿಲ್ಲ. ತಮ್ಮಲ್ಲಿ ಅನೇಕರು ಇಂದು ಆಡಳಿತ ಮಂಡಳಿಗಳಲ್ಲಿ ಕುಳಿತಿದ್ದೀರಿ. ಸಂಸ್ಥೆಯ ಲೆಕ್ಕಪತ್ರವನ್ನು ಸಭೆಯಲ್ಲಿ ಓದಿಸಿರಿ. ವಂತಿಗೆಯ ಮಾತೆತ್ತಿದಾಗ ಎದ್ದು ನಿಂತು ಬೇಡವೆನ್ನಿರಿ. ಒಬ್ಬೊಬ್ಬರು ಒಂದು ಹಳ್ಳಿಯ ಮಗುವಿನ ಊಟ, ವಸತಿ, ಓದಿನ ಹೊಣೆ ಹೊರಿರಿ. ಆ ಮಗು ಯಾವ ಜಾತಿಯದೆಂದು ಕೇಳದಿರಿ. ತಮ್ಮನ್ನು ಪಂಕ್ತಿಗೆ ಕರೆದವರು ಕೇಳಿರಲಿಲ್ಲ.

ಅಪ್ಪೋಜಿರಾಮನು ಕರೆದನು, ವರ್ತಕರು ಬಂದರು, ಊರು ಬೆಳೆಯಿತು. ಇಂದು ಕರೆಯಬೇಕಾದವರು ನಾವು. ಬಾಗಿಲಲ್ಲಿ ಹಣ ಎಣಿಸುತ್ತ ಕುಳಿತರೆ ಒಳಗೆ ಬರುವವರಾರು?